ನಾಲ್ಕನೇ ಗೂಡು: ಮನೆಯಲ್ಲಿ ಫೈಟರ್ ಮೀನು ಮರಿ ಮಾಡಿಸಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ತುಮಕೂರು ಕಡೆಯ ಒಂದು ಪಟ್ಟಣದವರು, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದ ಹಾಗೆ ಮನೆ, ಊರಿನ ಒಂದೆರಡು ವಿವರ ಬದಲಿಸಿದ್ದೇನೆ. ಮೀನು, ನೀರು, ದಿನದ ಲೆಕ್ಕ ಇವನ್ನು ಮುಟ್ಟಿಲ್ಲ.

ಬಾಟಲಿಯಲ್ಲಿ ಕಂಡ ನೊರೆ

ಮೊಮ್ಮಗಳಿಗೆಂದು ತಂದ ಎರಡಡಿ ಗಾಜಿನ ತೊಟ್ಟಿ ಅವರ ಮನೆಯಲ್ಲಿತ್ತು. ಅದರಲ್ಲಿ ಗಪ್ಪಿ, ಮೊಲ್ಲಿ. ಅವು ಮೊಟ್ಟೆ ಇಡುವ ಜಾತಿಯಲ್ಲ, ನೇರವಾಗಿ ಮರಿ ಹಾಕುತ್ತವೆ. ಯಾರೂ ಏನೂ ಮಾಡದಿದ್ದರೂ ಆಗಾಗ ಗಿಡದ ಸಂದಿಯಲ್ಲಿ ಹೊಸ ಮರಿ ಕಾಣುತ್ತಿದ್ದವು. ಮೀನು ಸಾಕೋದು ಅಂದರೆ ಇಷ್ಟೇ ಅನ್ನುವ ಧೈರ್ಯ ಯಜಮಾನರಿಗೆ ಬಂದದ್ದು ಅಲ್ಲಿಂದ.

ಆಮೇಲೆ ಒಂದು ನೀಲಿ ಗಂಡು ಫೈಟರ್ ಬಂತು. ಪುಸ್ತಕದಲ್ಲಿ ಬೆಟ್ಟಾ ಸ್ಪ್ಲೆಂಡೆನ್ಸ್, ನಮ್ಮ ಅಂಗಡಿಗಳಲ್ಲಿ ಫೈಟರ್ ಅಂದರೆ ಸಾಕು. ಅದನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಕಿಟಕಿ ಪಕ್ಕ ಇಟ್ಟರು. ವಾರ ಕಳೆಯುವುದರೊಳಗೆ ನೀರಿನ ಮೇಲೆ ಸೋಪಿನ ನೊರೆಯಂಥ ಗುಳ್ಳೆ. ಬಾಟಲಿ ಸರಿಯಾಗಿ ತೊಳೆದಿಲ್ಲ ಅಂದುಕೊಂಡು ಎರಡು ಸಲ ನೀರು ಬದಲಿಸಿದರು. ಮತ್ತೆ ಗುಳ್ಳೆ ಬಂತು. ಆಗ ನನಗೆ ಫೋಟೋ ಕಳಿಸಿದರು. "ಏನಪ್ಪಾ ಇದು, ರೋಗ ಏನಾದ್ರೂ ಬಂತಾ?"

ರೋಗ ಅಲ್ಲ, ಗೂಡು. ಫೈಟರ್ ಮೂಲತಃ ಥೈಲ್ಯಾಂಡ್ ಕಡೆಯ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಭತ್ತದ ಗದ್ದೆ, ಜವುಗು, ನಿಂತ ನೀರು ಇದರ ತವರು. ಅಂಥ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಅನ್ನುವ ಇನ್ನೊಂದು ಅಂಗ ಇದಕ್ಕಿದೆ. ಮೇಲೆ ಬಂದು ಬಾಯಿಂದ ಗಾಳಿ ಗುಟುಕರಿಸುತ್ತದೆ. ಮೊಟ್ಟೆಗಳನ್ನೂ ತಳದಲ್ಲಿ ಬಿಡುವುದಿಲ್ಲ. ಗಂಡು ಒಂದೊಂದು ಗುಟುಕು ಗಾಳಿಗೂ ಬಾಯಿಯ ಅಂಟು ಲೋಳೆ ಸುತ್ತಿ ನೀರಿನ ಮೇಲೆ ಉಗುಳುತ್ತದೆ. ಹೀಗೆ ನೂರಾರು ಗುಳ್ಳೆ ಒತ್ತಾಗಿ ಕೂತಾಗ ಗೂಡು. ಇದೇ ಬಳಗದ ಒಂದು ಪುಟ್ಟ ಮೀನು ನಮ್ಮ ಕರಾವಳಿಯ ಹಳ್ಳಗಳಲ್ಲೂ ಇದೆ, ಅದೂ ಗುಳ್ಳೆಗೂಡನ್ನೇ ಕಟ್ಟುತ್ತದೆ. ಗೂಡು ಕಾಯುವುದು ಅಪ್ಪನ ಕೆಲಸ. ತಾಯಿಗೆ ಮೊಟ್ಟೆ ಇಟ್ಟ ಮೇಲೆ ಅಲ್ಲಿ ಜಾಗವಿಲ್ಲ.

ಇದನ್ನೆಲ್ಲ ಹೇಳಿದಾಗ ಯಜಮಾನರು ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಇವನಿಗೆ ಮದುವೆ ಮಾಡೋಣ" ಅಂದರು. ಗೂಡು ಕಟ್ಟಿದ ಮಾತ್ರಕ್ಕೆ ಗಂಡು ತಯಾರಾಗಿದೆ ಅಂತ ಅಲ್ಲ, ಒಂಟಿ ಗಂಡೂ ಸುಮ್ನೆ ಕಟ್ಟುತ್ತಿರುತ್ತದೆ. ಅದನ್ನು ಆಗಲೇ ಒತ್ತಿ ಹೇಳಬೇಕಿತ್ತು. ನಾನು ಹೇಳಲಿಲ್ಲ.

ಮೊದಲ ಜೋಡಿ, ನವೆಂಬರ್

ಒಂದು ಕೆಂಪು ಹೆಣ್ಣು ತಂದರು. ಗಪ್ಪಿಗಳನ್ನು ಬಕೆಟ್‌ಗೆ ಸಾಗಿಸಿ ಎರಡಡಿ ತೊಟ್ಟಿಗೆ ಜೋಡಿಯನ್ನು ಒಟ್ಟಿಗೆ ಬಿಟ್ಟರು. ನೀರು ಒಂದಡಿ ಆಳ, ಫಿಲ್ಟರ್ ಜೋರಾಗಿ ಓಡುತ್ತಿತ್ತು. ಗೂಡು ಕಟ್ಟಿದಷ್ಟೂ ನೀರಿನ ಸೆಳೆತಕ್ಕೆ ಒಡೆದು ಹೋಯಿತು. ಅವಿತುಕೊಳ್ಳಲು ಗಿಡವಿರಲಿಲ್ಲ. ಒಂದು ಗಂಟೆಯಲ್ಲಿ ಹೆಣ್ಣಿನ ಬಾಲ ಬಾಚಣಿಗೆಯ ಹಲ್ಲಿನ ಹಾಗೆ ಸೀಳಿತ್ತು. ಮೊಮ್ಮಗಳು ಅಳುತ್ತಾ ಬಲೆ ತಂದು ಹೆಣ್ಣನ್ನು ಎತ್ತಿದಳು. ಈ ಸಲದ್ದು ಇಷ್ಟೇ. ಹೆಣ್ಣು ಚೇತರಿಸಿಕೊಳ್ಳಲು ಮೂರು ವಾರ ಹಿಡಿಯಿತು.

ಆದರೆ ಈ ಮೂರು ವಾರದಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಯಜಮಾನರು ಒಂದು ನೋಟ್‌ಬುಕ್ ಶುರು ಮಾಡಿದರು. ಕಂಡಕ್ಟರ್ ಕೆಲಸದಲ್ಲಿ ದಿನಾ ವೇಬಿಲ್ ಬರೆದು ಪಳಗಿದ ಕೈ. ಸ್ಕೇಲ್ ಇಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದರು: ಹೊತ್ತು, ನೀರಿನ ಬಿಸಿ, ಏನು ಹಾಕಿದೆ, ಏನು ಕಂಡಿತು. ಮುಂದೆ ಆದ ಎಲ್ಲ ತಿರುವಿಗೂ ಈ ನೋಟ್‌ಬುಕ್ಕೇ ಸಾಕ್ಷಿ. ನಾನು ನೋಡಿದ ಬೇರೆ ಎಷ್ಟೋ ಮನೆಗಳಲ್ಲಿ ಮೀನು ಸತ್ತ ಮೇಲೆ "ಏನಾಯ್ತೋ ಗೊತ್ತಿಲ್ಲ" ಅನ್ನುವ ಮಾತಷ್ಟೇ ಉಳಿದಿರುತ್ತದೆ.

ಖಾಲಿ ಗೂಡು, ಡಿಸೆಂಬರ್

ಎರಡನೇ ಸಲ ತಯಾರಿ ಚೆನ್ನಾಗಿತ್ತು. ಅಗಲವಾದ ಪ್ಲಾಸ್ಟಿಕ್ ಟಬ್ ತಂದು ನೀರನ್ನು 12 ಸೆಂಟಿಮೀಟರಿಗೆ ಇಳಿಸಿದೆವು. ಮೊಟ್ಟೆ ಕೆಳಗೆ ಬಿದ್ದಾಗ ಗಂಡು ಓಡಿ ಹೋಗಿ ಹೆಕ್ಕಿ ತರಬೇಕಲ್ಲ, ಆಳ ಕಡಿಮೆಯಿದ್ದಷ್ಟೂ ಅದಕ್ಕೆ ಸುಲಭ. ಫಿಲ್ಟರ್ ಇಲ್ಲ. ಥರ್ಮಾಕೋಲ್ ಲೋಟವನ್ನು ಉದ್ದಕ್ಕೆ ಸೀಳಿ ಅರ್ಧ ಭಾಗವನ್ನು ಒಂದು ಮೂಲೆಗೆ ಟೇಪ್ ಹಾಕಿ ಅಂಟಿಸಿದೆವು, ಗೂಡಿಗೆ ಸೂರು. ಬೀದಿಯ ಕಾಡುಬಾದಾಮಿ ಮರದ ಕೆಳಗೆ ಬಿದ್ದ ಒಣ ಎಲೆಯೊಂದನ್ನು ತೊಳೆದು ಹಾಕಿದೆವು. ಅದು ನೀರಿಗೆ ಟೀ ಬಣ್ಣ ಬಿಡುತ್ತದೆ, ಹೆಣ್ಣಿಗೆ ಅವಿತುಕೊಳ್ಳಲು ನೆರಳೂ ಆಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ಬಕೆಟ್‌ನಲ್ಲಿ ಒಂದು ದಿನ ಹಿಡಿದಿಟ್ಟೇ ಬಳಸಿದ್ದು. ಎರಡು ವಾರ ಎರಡೂ ಮೀನಿಗೆ ಸೊಳ್ಳೆ ಮರಿ ತಿನ್ನಿಸಿದರು, ದಿನಕ್ಕೆ ಎರಡು ಹೊತ್ತು.

ಜೋಡಿಯನ್ನು ಪರಿಚಯ ಮಾಡಿಸಿದ ರೀತಿ ನನಗೆ ತುಂಬ ಇಷ್ಟವಾಯಿತು. ಅಟ್ಟದ ಮೇಲೆ ಹಳೇ ಲಾಟೀನು ಇತ್ತು. ಯಜಮಾನರು ಅದರ ಗಾಜನ್ನು ಬಿಚ್ಚಿ, ಉಪ್ಪು ಹಾಕಿ ತಿಕ್ಕಿ, ಟಬ್ಬಿನ ನಡುವೆ ನಿಲ್ಲಿಸಿದರು. ಹೆಣ್ಣನ್ನು ಆ ಗಾಜಿನೊಳಗೆ ಬಿಟ್ಟರು. ಗಂಡು ಸುತ್ತ ಕಿವಿರು ಅರಳಿಸಿ ಕುಣಿಯಿತು, ಮತ್ತೆ ಮೂಲೆಗೆ ಹೋಗಿ ಗುಳ್ಳೆ ಉಗುಳಿತು, ಮತ್ತೆ ಬಂದು ಕುಣಿಯಿತು. ಮೊದಲ ದಿನ ಹೆಣ್ಣಿನ ಮೈಮೇಲೆ ಉದ್ದುದ್ದ ಪಟ್ಟಿ ಇದ್ದವು. ಅದು ಹೆದರಿಕೆ. ಎರಡನೇ ದಿನ ಸಂಜೆ ಆ ಪಟ್ಟಿ ಹೋಗಿ ಅಡ್ಡಡ್ಡ ತಿಳಿ ಪಟ್ಟಿ ಮೂಡಿದವು, ಹೊಟ್ಟೆ ತುಂಬಿಕೊಂಡು ಕೆಳಗೆ ಸಾಸಿವೆಯಷ್ಟು ಬಿಳಿ ಚುಕ್ಕೆ ಕಾಣಿಸಿತು. ಅದು ಒಪ್ಪಿಗೆ. ಲಾಟೀನಿನ ಗಾಜಿಗೆ ಎರಡೂ ಕಡೆ ಬಾಯಿ, ಮೇಲಕ್ಕೆ ಎತ್ತಿದರೆ ಸಾಕು, ಹೆಣ್ಣು ಹೊರಗೆ. ಬಲೆ ಇಲ್ಲ, ಗಾಬರಿ ಇಲ್ಲ.

ಮಾರನೇ ದಿನ ಮಧ್ಯಾಹ್ನ ಕೂಡಿದವು. ಗಂಡು ತನ್ನ ಮೈಯನ್ನು ಬಳೆಯ ಹಾಗೆ ಬಗ್ಗಿಸಿ ಹೆಣ್ಣನ್ನು ಸುತ್ತಿಕೊಂಡಿತು. ಬಿಟ್ಟಾಗ ಹೆಣ್ಣು ಎಚ್ಚರ ತಪ್ಪಿದ ಹಾಗೆ ಪಕ್ಕಕ್ಕೆ ತೇಲಿತು, ಬಿಳಿ ರವೆಯಂಥ ಮೊಟ್ಟೆ ಉದುರಿದವು. ಗಂಡು ಒಂದೊಂದನ್ನೇ ಬಾಯಲ್ಲಿ ಹೆಕ್ಕಿ ಗೂಡಿನ ಗುಳ್ಳೆಯ ಕೆಳಗೆ ಒತ್ತಿತು. ಮೂರು ಗಂಟೆ ಇದೇ ನಡೆಯಿತು. ಹೆಣ್ಣನ್ನು ತೆಗೆದರು. ಮನೆಯಲ್ಲಿ ಹಬ್ಬ.

ಬೆಳಿಗ್ಗೆ ನೋಡಿದರೆ ಗೂಡಿತ್ತು, ಮೊಟ್ಟೆ ಇರಲಿಲ್ಲ.

"ತಿಂದುಬಿಟ್ಟಿದ್ದಾನೆ ಕಣಪ್ಪಾ. ಸ್ವಂತ ಮಕ್ಕಳನ್ನೇ ತಿಂದವನನ್ನು ಇಟ್ಟುಕೊಂಡು ಏನು ಮಾಡೋದು?" ಯಜಮಾನರಿಗೆ ನಿಜವಾಗಿ ನೋವಾಗಿತ್ತು. ಬೇರೆ ಗಂಡು ತರುವುದು ಅಂತ ತೀರ್ಮಾನಿಸಿದ್ದರು. ಅಂಗಡಿಯವರೂ ಅದನ್ನೇ ಹೇಳಿದ್ದರು.

ಈ ಪ್ರಕರಣದ ಮೊದಲ ತಿರುವು ಇದು. ನಾನು ನೋಟ್‌ಬುಕ್ ತನ್ನಿ ಅಂದೆ. ಆ ರಾತ್ರಿಯ ಪುಟ ಹೀಗಿತ್ತು: ರಾತ್ರಿ 10ಕ್ಕೆ 25 ಡಿಗ್ರಿ, ಗಂಡು ಗೂಡಿನ ಕೆಳಗೆ. 12.30ಕ್ಕೆ 23, ಟಾರ್ಚ್ ಹಾಕಿ ನೋಡಿದೆ, ಗಂಡು ಓಡಿತು. 2ಕ್ಕೆ ಪಕ್ಕದ ಮನೆಯವರು ನೋಡಬೇಕೆಂದರು, ಟ್ಯೂಬ್‌ಲೈಟ್ ಹಾಕಿದೆ. 3.30ಕ್ಕೆ 21, ಗಂಡು ಗೂಡಿನ ಹತ್ತಿರ ಇಲ್ಲ. ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯವರು ಹೇಗೆ ಬಂದರು ಅಂದರೆ, ಬೆಂಗಳೂರಿನಿಂದ ನೆಂಟರು ತಡವಾಗಿ ಬಂದಿದ್ದರು, ಎಲ್ಲರೂ ಎದ್ದಿದ್ದರು. ಅಷ್ಟು ಖುಷಿ ಆ ಮನೆಯಲ್ಲಿ.

ಗಂಡು ಮೊಟ್ಟೆ ತಿನ್ನುವುದು ಕೆಟ್ಟ ಬುದ್ಧಿಯಿಂದಲ್ಲ. ಗೂಡಿಗೆ ಅಪಾಯ ಇದೆ ಅನ್ನಿಸಿದರೆ ತಿನ್ನುತ್ತದೆ. ಫಲವಾಗದ, ಬೂಷ್ಟು ಹಿಡಿದ ಮೊಟ್ಟೆಯನ್ನೂ ತಿಂದು ಗೂಡು ಚೊಕ್ಕ ಮಾಡುತ್ತದೆ. ಇಲ್ಲಿ ಎರಡು ಕಾರಣ ಒಟ್ಟಿಗೆ ಇದ್ದವು: ಬೆಳಕಿನ ಕಾಟ, ಮತ್ತು ಒಂದೇ ರಾತ್ರಿಯಲ್ಲಿ ನಾಲ್ಕು ಡಿಗ್ರಿ ಇಳಿದ ನೀರು. ಯಾವುದು ಎಷ್ಟು ಅಂತ ಬೇರೆ ಮಾಡಿ ಹೇಳಲು ಆ ಪುಟದಿಂದ ಆಗುವುದಿಲ್ಲ. ಆದರೆ ಎರಡೂ ನಮ್ಮ ಕೈಯಲ್ಲಿದ್ದವು, ಮೀನಿನ ಕೈಯಲ್ಲಲ್ಲ. ಗಂಡನ್ನು ಬದಲಿಸಿದ್ದರೆ ಹೊಸ ಗಂಡು, ಅದೇ ಟಾರ್ಚ್, ಅದೇ ಚಳಿ. ಯಜಮಾನರು ಪುಟವನ್ನು ಇನ್ನೊಮ್ಮೆ ಓದಿದರು. "ಮಲಗಿರೋ ಪ್ಯಾಸೆಂಜರ್ ಮುಖಕ್ಕೆ ಲೈಟ್ ಬಿಟ್ಟ ಹಾಗೆ ಮಾಡಿದೀನಿ" ಅಂದರು. ನೀಲಿ ಗಂಡು ಉಳಿಯಿತು.

ಹಾಲಾದ ನೀರು, ಜನವರಿ

ಮೂರನೇ ಸಲ 25 ವ್ಯಾಟಿನ ಹೀಟರ್ ಬಂತು. ನೀರು ಗೇಣುದ್ದವೂ ಇಲ್ಲದ್ದರಿಂದ ಅದನ್ನು ನಿಲ್ಲಿಸಲು ಆಗಲಿಲ್ಲ. ಪೂರ್ತಿ ಮುಳುಗುವ ಹಾಗೆ ಅಡ್ಡಲಾಗಿ, ಪ್ಲಾಸ್ಟಿಕ್‌ಗೆ ತಾಗದಂತೆ ಒಂದು ಟೈಲ್ಸ್ ಚೂರಿನ ಮೇಲೆ ಮಲಗಿಸಿದೆವು. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳಬೇಕು ಅಂತ ಮೊಮ್ಮಗಳು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಟಬ್ಬಿನ ಮೂರು ಕಡೆಗೆ ರಟ್ಟು. ರಾತ್ರಿ ಟಾರ್ಚ್ ಇಲ್ಲ, ನೆಂಟರಿಗೆ ಪ್ರವೇಶ ಇಲ್ಲ. ಒಂದು ಸಣ್ಣ ಜೀರೋ ಬಲ್ಬ್ ಮಾತ್ರ ದೂರದಲ್ಲಿ ರಾತ್ರಿಯಿಡೀ ಉರಿಯಿತು, ಬಿದ್ದ ಮೊಟ್ಟೆ ಹುಡುಕಲು ಗಂಡಿಗೆ ಅಷ್ಟು ಬೆಳಕು ಬೇಕು.

ನೀರು 28 ಡಿಗ್ರಿಯಲ್ಲಿ ನಿಂತಿತು. ಸುಮಾರು 36 ಗಂಟೆಗೆ ಮೊಟ್ಟೆ ಒಡೆದವು. ಗೂಡಿನ ಕೆಳಗೆ ಬಾಲ ಕೆಳಗೆ ಮಾಡಿ ನೇತಾಡುವ ನೂರಾರು ಕೂದಲೆಳೆ. ಆಗಾಗ ಒಂದು ಜಾರಿ ಬೀಳುತ್ತಿತ್ತು. ಗಂಡು ಕೆಳಗೆ ಹೋಗಿ ಬಾಯಲ್ಲಿ ತಂದು ಮತ್ತೆ ನೇತು ಹಾಕುತ್ತಿತ್ತು. ಎರಡು ದಿನ ಅದು ಏನೂ ತಿನ್ನಲಿಲ್ಲ, ಒಂದು ಕಡೆ ನಿಲ್ಲಲೂ ಇಲ್ಲ. ಯಜಮಾನರು ಗಂಟೆಗಟ್ಟಲೆ ಕೂತು ನೋಡಿದರು. ಮಕ್ಕಳನ್ನು ತಿಂದವನು ಅಂತ ಬೈದಿದ್ದಕ್ಕೆ ಅವರಿಗೆ ಬೇಜಾರಾಗಿತ್ತು.

ಮೂರನೇ ದಿನ ಮರಿಗಳು ನೇತಾಡುವುದು ಬಿಟ್ಟು ಅಡ್ಡಲಾಗಿ ಈಜತೊಡಗಿದವು. ಗಂಡನ್ನು ತೆಗೆಯುವ ಹೊತ್ತು ಅದೇ. ಅಲ್ಲಿಯವರೆಗೆ ಅಪ್ಪ ಬೇಕೇ ಬೇಕು, ಆಮೇಲೆ ಚದುರಿದ ಮರಿಗಳು ಅದಕ್ಕೆ ಆಹಾರವಾಗಿ ಕಾಣಬಹುದು. ತೆಗೆದರು. ಆಗ ಕೇಳಿದರು, "ಇವಕ್ಕೆ ಏನು ತಿನ್ನಿಸೋದಪ್ಪಾ?"

ನಾನು ಬೇಯಿಸಿದ ಕೋಳಿ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ, ನೀರಲ್ಲಿ ಕದಡಿ, ಎರಡು ಹನಿ ಹಾಕಿ ಅಂದೆ. ಆ ಹೊತ್ತಿಗೆ ಕೈಗೆ ಸಿಗುವುದು ಅದೊಂದೇ ಇತ್ತು. ಈ ಸಲಹೆ ನನ್ನದು, ಅದನ್ನು ಇಲ್ಲಿ ಬರೆಯಲೇಬೇಕು. ಹಳದಿಯ ಕಣ ಅಲ್ಲಾಡುವುದಿಲ್ಲ. ಹೊಸ ಮರಿಯ ಕಣ್ಣಿಗೆ ಬೀಳುವುದು ಅಲ್ಲಾಡುವ ವಸ್ತು. ತಿನ್ನದೆ ಉಳಿದದ್ದೆಲ್ಲ ತಳಕ್ಕೆ ಇಳಿದು ಕೊಳೆಯುತ್ತದೆ. ಮರಿಗಳು ತಿನ್ನುತ್ತಿಲ್ಲ ಅಂತ ಗಾಬರಿಯಾಗಿ ಎರಡು ಹನಿ ನಾಲ್ಕಾಯಿತು, ನಾಲ್ಕು ಒಂದು ಚಮಚ ಆಯಿತು.

ನಾಲ್ಕನೇ ಬೆಳಿಗ್ಗೆ ಆರೂವರೆಗೆ ಫೋನ್. "ನೀರು ಹಾಲಿನ ಥರ ಆಗಿದೆ. ಒಂದೂ ಕಾಣ್ತಿಲ್ಲ." ನಾನು ಹೋಗುವ ಹೊತ್ತಿಗೆ ಟಬ್ಬಿನಿಂದ ವಾಸನೆ ಬರುತ್ತಿತ್ತು. ಅಮೋನಿಯಾ ಅಳೆಯುವ ಕಿಟ್‌ನಲ್ಲಿ ಹನಿ ಹಾಕಿದ ಕೂಡಲೇ ನೀರು ಹಸಿರಾಯಿತು, ಕೊಳೆತ ಆಹಾರದಿಂದ ಹುಟ್ಟುವ ಆ ವಿಷ ವಿಪರೀತ ಏರಿತ್ತು. ಒಂದೂ ಉಳಿಯಲಿಲ್ಲ.

ಕೂಸು ಹುಟ್ಟುವ ಮುಂಚೆ

ಮೂರು ಸೋಲನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ಕಂಡಿತು. ಪ್ರತಿ ಸಲವೂ ನಾವು ಮುಂದಿನ ಒಂದು ಹೆಜ್ಜೆಯನ್ನು ಮಾತ್ರ ಯೋಚಿಸಿದ್ದೆವು. ಜೋಡಿ ತಂದ ಮೇಲೆ ತೊಟ್ಟಿ, ಮೊಟ್ಟೆ ಬಂದ ಮೇಲೆ ಹೀಟರ್, ಮರಿ ಈಜಿದ ಮೇಲೆ ಆಹಾರ. ಮೀನಿನ ಗಡಿಯಾರ ಕಾಯುವುದಿಲ್ಲ. ಮೊಟ್ಟೆ ಇಟ್ಟ ದಿನದಿಂದ ಐದನೇ ದಿನದೊಳಗೆ ಮರಿಯ ಹೊಟ್ಟೆಯಲ್ಲಿರುವ ಆಹಾರದ ಚೀಲ ಬತ್ತುತ್ತದೆ. ಅದಕ್ಕೆ ಬೇಕಾದ ಜೀವಂತ ಆಹಾರ ಬೆಳೆಯಲು ಒಂದು ವಾರ ಬೇಕು. ಲೆಕ್ಕ ಕೂಡುವುದೇ ಇಲ್ಲ, ಅಲ್ವಾ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅಂತ ಆತುರದವರಿಗೆ ಹೇಳುತ್ತಾರೆ. ಇಲ್ಲಿ ಕುಲಾವಿ ಮೊದಲೇ ಹೊಲಿಯಬೇಕು. ನಾಲ್ಕನೇ ಸಲಕ್ಕೆ ಯಜಮಾನರು ಒಂದು ತೀರ್ಮಾನ ಮಾಡಿದರು: ಆಹಾರ ಕಣ್ಣಿಗೆ ಕಾಣುವ ತನಕ ಲಾಟೀನಿನ ಗಾಜು ಅಟ್ಟದಿಂದ ಇಳಿಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣ ನಿಂತಿರುವುದು ಈ ತೀರ್ಮಾನದ ಮೇಲೆ.

ಫೆಬ್ರವರಿಯಲ್ಲಿ ಮೊದಲು ಇನ್ಫ್ಯೂಸೋರಿಯ, ಅಂದರೆ ಹಳೇ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಜೀವಿಗಳು. ಗಪ್ಪಿ ತೊಟ್ಟಿಯ ಹಳೇ ನೀರನ್ನು ಅಗಲ ಬಾಯಿಯ ಜಾಡಿಗೆ ಹಾಕಿ, ಒಣಗಿಸಿದ ಎಲೆಕೋಸಿನ ಎಲೆ ಎರಡು ಚೂರು ಬಿಟ್ಟು, ಬೆಳಕಿರುವ ಕಡೆ ಇಟ್ಟರು. ಎರಡನೇ ದಿನ ನೀರು ಕದಡಿ ನಾತ ಹೊಡೆಯಿತು. ಮನೆಯವರು ಚೆಲ್ಲಿ ಅಂದರು. ಇವರು ಚೆಲ್ಲಲಿಲ್ಲ. ಮೊದಲು ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಆಮೇಲೆ ಅವನ್ನು ತಿನ್ನುವ ಸೂಕ್ಷ್ಮ ಜೀವಿಗಳು ಹೆಚ್ಚಿ ನೀರು ತಿಳಿಯಾಗುತ್ತದೆ. ಆರನೇ ದಿನ ನೀರು ತಿಳಿಯಾಯಿತು. ಬೆಳಕಿಗೆ ಹಿಡಿದರೆ ದೂಳು ತೇಲಿದ ಹಾಗೆ ಏನೋ ಚಲಿಸುತ್ತಿತ್ತು. ಮೊಮ್ಮಗಳು ಒಂದು ಸಣ್ಣ ಬಾಟಲಿಯಲ್ಲಿ ಶಾಲೆಗೆ ಒಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಸಂಜೆ ಬಂದವಳೇ ಬ್ಯಾಗ್ ಇಳಿಸದೆ, "ತಾತಾ, ಚಪ್ಪಲಿ ಆಕಾರದ್ದು ಓಡಾಡ್ತಿದೆ! ನಮ್ಮ ಪಾಠದಲ್ಲಿರೋ ಪ್ಯಾರಮೀಸಿಯಂ ಅದೇ!" ಅಂದಳು. ಯಜಮಾನರು ನೋಟ್‌ಬುಕ್ಕಿನ 'ಏನು ಕಂಡಿತು' ಕಾಲಂನಲ್ಲಿ ಅವಳ ಕೈಯಿಂದಲೇ ಅದನ್ನು ಬರೆಸಿದರು.

ಎರಡನೆಯದು ಮೈಕ್ರೋವರ್ಮ್. ನನ್ನ ಹತ್ತಿರ ಇದ್ದ ಹುಳುವಿನ ಒಂದು ಚಮಚ ಕೊಟ್ಟೆ. ಓಟ್ಸ್ ಗಂಜಿ ಗಟ್ಟಿಯಾಗಿ ಕಾಯಿಸಿ, ಆರಿಸಿ, ಮೇಲೆ ಚಿಟಿಕೆ ಯೀಸ್ಟ್ ಉದುರಿಸಿ, ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯಲ್ಲಿ ಇಟ್ಟರೆ ಮುಗಿಯಿತು. ನಾಲ್ಕೈದು ದಿನಕ್ಕೆ ಬಿಳಿ ದಾರದ ಚೂರಿನಂಥ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಲ್ಲಿ ಸವರಿ ತೆಗೆದು ನೀರಲ್ಲಿ ಅಲ್ಲಾಡಿಸಿದರೆ ಮರಿಗಳ ಊಟ.

ಮೂರನೆಯದು ಆರ್ಟೀಮಿಯಾ ಅನ್ನುವ ಪುಟ್ಟ ಉಪ್ಪುನೀರಿನ ಸೀಗಡಿಯ ಮೊಟ್ಟೆ, ಸ್ವಲ್ಪ ದುಬಾರಿ. ಅದನ್ನು ಉಪ್ಪು ನೀರಲ್ಲಿ ಏರ್ ಪಂಪ್ ಹಾಕಿ ಒಡೆಸಬೇಕು, ಒಂದು ದಿನದ ಕೆಲಸ. ಲೀಟರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು. ಮರಿಗಳು ಬರುವ ಮೊದಲೇ ಎರಡು ಸಲ ಒಡೆಸಿ ಕೈ ಪಳಗಿಸಿಕೊಂಡರು. ಮೊದಲ ಸಲ ಸಿಪ್ಪೆ ಬೇರೆ ಮಾಡಲು ಬರಲಿಲ್ಲ. ಎರಡನೇ ಸಲ ಪಂಪ್ ನಿಲ್ಲಿಸಿ, ಬಾಟಲಿಯ ಬುಡಕ್ಕೆ ಟಾರ್ಚ್ ಹಿಡಿದಾಗ ಮರಿ ಸೀಗಡಿಗಳೆಲ್ಲ ಬೆಳಕಿನ ಕಡೆ ಕಿತ್ತಳೆ ಮೋಡದ ಹಾಗೆ ಕೂಡಿದವು, ಸಿಪ್ಪೆ ಮೇಲೆ ತೇಲಿತು. ಅದೇ ಟಾರ್ಚ್.

ಇಷ್ಟಾದ ಮೇಲೆ ಗಾಜು ಅಟ್ಟದಿಂದ ಇಳಿಯಿತು. ಮಾರ್ಚ್ ಮೊದಲ ವಾರ ಮೊಟ್ಟೆ. ಜೋಡಿ ಅದೇ, ಟಬ್ ಅದೇ, ಹೀಟರ್ ಅದೇ 28 ಡಿಗ್ರಿ. ಕೋಣೆ ಮಾತ್ರ ಜನವರಿಗಿಂತ ಬೆಚ್ಚಗಿತ್ತು. ಬದಲಾದ ದೊಡ್ಡ ವಿಷಯ ಆಹಾರ ಒಂದೇ. ಈಜಿದ ಮೊದಲ ನಾಲ್ಕು ದಿನ ಇನ್ಫ್ಯೂಸೋರಿಯ, ಜೊತೆಗೆ ಮೈಕ್ರೋವರ್ಮ್, ಐದನೇ ದಿನದಿಂದ ಆರ್ಟೀಮಿಯಾ. ಹಾಕಿದ ಅರ್ಧ ಗಂಟೆಗೆ ಭೂತಗನ್ನಡಿ ಹಿಡಿದು ನೋಡಿದೆವು. ಗಾಜಿನಂಥ ಮೈ, ಎರಡು ಕಪ್ಪು ಕಣ್ಣು, ಅದರ ಹಿಂದೆ ಗಸಗಸೆ ಕಾಳಿನಷ್ಟು ಕಿತ್ತಳೆ ಹೊಟ್ಟೆ. ತಿಂದಿದೆ! ಯಜಮಾನರು ಕನ್ನಡಿಯನ್ನು ಕೆಳಗಿಡಲೇ ಇಲ್ಲ. ಆ ಕಿತ್ತಳೆ ಹೊಟ್ಟೆ ನೋಡುವುದು ಅವತ್ತಿನಿಂದ ದಿನದ ಮೊದಲ ಕೆಲಸವಾಯಿತು. ಎಷ್ಟು ಹಾಕಿದೆ ಅನ್ನುವುದಕ್ಕಿಂತ ಎಷ್ಟು ಹೊಟ್ಟೆ ಕಿತ್ತಳೆ ಆಗಿದೆ ಅನ್ನುವುದನ್ನು ಬರೆಯತೊಡಗಿದರು. ಜನವರಿಯಲ್ಲಿ ನಮ್ಮ ಬಳಿ ಇಲ್ಲದೇ ಹೋದ ಅಳತೆ ಇದು.

ಏರ್ ಪಂಪಿನ ತೆಳ್ಳನೆ ಟ್ಯೂಬಿನಿಂದ ತಳದ ಕೊಳೆಯನ್ನು ದಿನಾ ಎಳೆದು, ಅಷ್ಟೇ ಬಿಸಿಯ ನೀರನ್ನು ಹನಿಹನಿಯಾಗಿ ತುಂಬಿದರು. ಇಪ್ಪತ್ತನೇ ದಿನ ಬಿಳಿ ತಟ್ಟೆಯಲ್ಲಿ ಬಿಟ್ಟು ಫೋಟೋ ತೆಗೆದು ಎಣಿಸಿದಾಗ 97.

ಮುಚ್ಚಳ

ಗೆದ್ದೆವು ಅಂದುಕೊಂಡ ಹೊತ್ತಿನಲ್ಲೇ, ಐದನೇ ವಾರ, ಮರಿಗಳು ಸಾಯತೊಡಗಿದವು. ನಾಲ್ಕು ದಿನದಲ್ಲಿ 14. ಹೊಟ್ಟೆ ತುಂಬಿತ್ತು, ನೀರು ಚೆನ್ನಾಗಿತ್ತು, ಅಮೋನಿಯಾ ಇರಲಿಲ್ಲ. ಸತ್ತವೆಲ್ಲ ಮೇಲೆ ಬಂದು ಬಾಯಿ ಬಿಟ್ಟು ಒದ್ದಾಡಿದವು.

ಮತ್ತೆ ನೋಟ್‌ಬುಕ್. ಐದು ದಿನದ ಹಿಂದೆ ಒಂದು ಸಾಲು: "ಸೆಕೆ, ಫ್ಯಾನ್ ಹಾಕಿದೆ. ಮುಚ್ಚಳ ತೆಗೆದೆ." ಲ್ಯಾಬಿರಿಂತ್ ಅಂಗ ಹುಟ್ಟುವಾಗ ಇರುವುದಿಲ್ಲ, ಮೂರರಿಂದ ಆರು ವಾರದೊಳಗೆ ಬೆಳೆಯುತ್ತದೆ. ಮರಿ ಗಾಳಿ ಗುಟುಕರಿಸಲು ಕಲಿಯುವುದು ಆಗಲೇ. ಆ ಹೊತ್ತಿನಲ್ಲಿ ನೀರಿನ ಮೇಲಿನ ಗಾಳಿ ನೀರಿನಷ್ಟೇ ಬೆಚ್ಚಗೆ, ತೇವವಾಗಿ ಇರಬೇಕು. ಫ್ಯಾನಿನ ಒಣ ಗಾಳಿ ನೇರವಾಗಿ ಟಬ್ಬಿನ ಮೇಲೆ ಬೀಸುತ್ತಿತ್ತು, ಹಗಲೂ ರಾತ್ರಿ. ನೀರನ್ನು ಕಾಯುವುದರಲ್ಲಿ ನಾವು ಗಾಳಿಯನ್ನು ಮರೆತಿದ್ದೆವು. ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಬಿಗಿದು, ಒಂದು ಮೂಲೆಯಲ್ಲಿ ಬೆರಳಗಲ ಸಂದಿ ಬಿಟ್ಟರು. ಫ್ಯಾನ್ ಬೇರೆ ಕಡೆ ತಿರುಗಿತು. ಮರುದಿನ ಎರಡು ಸತ್ತವು, ಅದರ ಮಾರನೇ ದಿನದಿಂದ ಒಂದೂ ಇಲ್ಲ. ಇದೇ ಕಾರಣ ಅಂತ ಪ್ರಯೋಗ ಮಾಡಿ ಸಾಬೀತು ಮಾಡಿಲ್ಲ, ಮಾಡುವ ಮನಸ್ಸೂ ಯಾರಿಗೂ ಇರಲಿಲ್ಲ. ಆದರೆ ಇದಾದ ಮೇಲೆ ನಾನು ಯಾರಿಗೇ ಹೇಳುವಾಗಲೂ ಮುಚ್ಚಳದ ಮಾತನ್ನು ಹೀಟರಿನ ಮಾತಿಗಿಂತ ಮೊದಲು ಹೇಳುತ್ತೇನೆ.

ಇಪ್ಪತ್ತೆಂಟು ಡಬ್ಬಿ

ಮೂರು ತಿಂಗಳಿಗೆ 68 ಉಳಿದವು. ಹತ್ತನೇ ವಾರದಿಂದಲೇ ಗಂಡುಗಳು ಒಂದರ ಬಾಲ ಒಂದು ಕಚ್ಚತೊಡಗಿದ್ದವು. ಕಚ್ಚಿದವನ್ನು ಒಂದೊಂದಾಗಿ ತೆಗೆದು ಎರಡು ಲೀಟರಿನ ಡಬ್ಬಿಗೆ ಹಾಕುತ್ತಾ ಹೋದರು. ಕೊನೆಗೆ 28 ಡಬ್ಬಿ, ನಡುವೆ ಒಂದೊಂದು ರಟ್ಟು. ಹೆಣ್ಣು ನಲವತ್ತು, ಅವೆಲ್ಲ ಎರಡಡಿ ತೊಟ್ಟಿಯಲ್ಲಿ.

ಮರಿ ಮಾಡಿಸುವವರು ಮಾತಾಡದ ಭಾಗ ಇದು. ಅಷ್ಟು ಸಣ್ಣ ಡಬ್ಬಿಯಲ್ಲಿ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಲೇಬೇಕು, ಅಂದರೆ ಒಂದು ಸಲಕ್ಕೆ 28 ಲೀಟರ್. ಬೇಸಿಗೆ. ಆ ಊರಲ್ಲಿ ನಲ್ಲಿ ನೀರು ಐದು ದಿನಕ್ಕೊಮ್ಮೆ. ಮನೆಯಲ್ಲಿ ಮೊದಲ ಸಲ ಮೀನಿನ ವಿಷಯಕ್ಕೆ ಜೋರು ಮಾತಾಯಿತು. ತೆಗೆದ ನೀರನ್ನೆಲ್ಲ ಹಿತ್ತಲಿನ ಕರಿಬೇವು, ದಾಸವಾಳಕ್ಕೆ ಹಾಕುವುದು ಅಂತ ಒಪ್ಪಂದವಾದ ಮೇಲೆ ತಣ್ಣಗಾಯಿತು. ಬೆಳಿಗ್ಗೆ ಒಂದೂವರೆ ಗಂಟೆ ಇದೇ ಕೆಲಸ. ಆ ಒಂದೂವರೆ ಗಂಟೆಯನ್ನೂ ನೋಟ್‌ಬುಕ್ಕಿಗೆ ಬರೆದರು.

ಯಾರೋ "ಕೆರೆಗೆ ಬಿಟ್ಟುಬಿಡಿ ಸಾರ್, ಪುಣ್ಯ ಬರುತ್ತೆ" ಅಂದರು. ಯಜಮಾನರು ನನ್ನನ್ನು ಕೇಳಿದರು. ಖಂಡಿತ ಬೇಡ ಅಂದೆ. ನಮ್ಮ ಕೆರೆಯ ಮೀನಲ್ಲ ಇದು. ಬದುಕಿದರೆ ಅಲ್ಲಿರುವ ಮೀನುಗಳಿಗೆ ತೊಂದರೆ, ಬದುಕದಿದ್ದರೆ ಇಷ್ಟು ದಿನ ಭೂತಗನ್ನಡಿ ಹಿಡಿದು ಸಾಕಿದ್ದಕ್ಕೆ ಅರ್ಥವಿಲ್ಲ. ಅವರು ಒಪ್ಪಿದರು. ಮುಕ್ಕಾಲು ಪಾಲು ಮೀನನ್ನು ಒಂದು ಅಂಗಡಿಯವರು ತೆಗೆದುಕೊಂಡರು. ಮೊಮ್ಮಗಳು ಇಟ್ಟುಕೊಂಡ ಕೆಲವು ಬಿಟ್ಟರೆ ಉಳಿದವು ಅವಳ ಗೆಳತಿಯರ ಮನೆಗೆ, ಒಂದೊಂದು ಮೀನಿನ ಜೊತೆಗೆ ಒಂದು ಚೀಟಿ: ಹತ್ತು ಲೀಟರಿಗಿಂತ ಕಡಿಮೆ ನೀರಲ್ಲಿ ಇಡಬೇಡಿ, ಎರಡು ಗಂಡು ಒಟ್ಟಿಗೆ ಬೇಡ, ಮುಚ್ಚಳ ಇರಲಿ.

ನೀಲಿ ಗಂಡು ಈಗಲೂ ಅವರ ಮನೆಯಲ್ಲೇ ಇದೆ, ಹಾರ್ಲಿಕ್ಸ್ ಬಾಟಲಿಯಿಂದ ಸ್ವಂತದ ತೊಟ್ಟಿಗೆ ಬಡ್ತಿ ಪಡೆದು. ಬಣ್ಣ ಸ್ವಲ್ಪ ಮಾಸಿದೆ, ಗೂಡು ಕಟ್ಟುವುದು ಬಿಟ್ಟಿಲ್ಲ. ಕಳೆದ ತಿಂಗಳು ಹೋದಾಗ ಮೊಮ್ಮಗಳು ಇನ್ನೊಂದು ಜೋಡಿಯ ವಿಷಯ ತೆಗೆದಳು. ಅವಳು ಉಳಿಸಿಕೊಂಡ ಮರಿಗಳಲ್ಲಿ ಒಂದು ತಾಮ್ರದ ಬಣ್ಣದ ಹೆಣ್ಣಿದೆ, ಅದಕ್ಕೆ ಹೊರಗಿನ ಒಂದು ಎಳೆ ಗಂಡು ತರಬೇಕಂತೆ. ಯಜಮಾನರು ಇಲ್ಲ ಅನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಗೆರೆ ಎಳೆದರು. ಈ ಸಲ ಐದು ಕಾಲಂ. ಐದನೆಯದರ ತಲೆಯ ಮೇಲೆ 'ಡಬ್ಬಿ ಎಷ್ಟು ಖಾಲಿ ಇದೆ' ಅಂತ ಬರೆದು ಅವಳಿಗೆ ಹೇಳಿದರು, "ಮೊದಲು ಎಲೆಕೋಸು ತಗೊಂಡು ಬಾ."